ನಕ್ಷೆಯಿಂದ ನಕ್ಷೆಗೆ: ಗದ್ವಾಲ್ ಮಗ್ಗ ಹೇಳಿಕೊಡುವ ಸಾಫ್ಟ್‌ವೇರ್ ಪಾಠ

ಗದ್ವಾಲ್: ರಾಯಚೂರಿನ ಗಡಿಯಾಚೆಗಿನ ತೆಲಂಗಾಣದ ಈ ಊರು ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗಿನ ಸೀರೆಗೆ ಹೆಸರುವಾಸಿ. ಜಕಾರ್ಡ್ ಮಗ್ಗದಲ್ಲಿ ಅಂಚಿನ ಚಿತ್ತಾರ ಸೀದಾ ಬಟ್ಟೆಗೆ ಇಳಿಯುವುದಿಲ್ಲ. ಮೊದಲು ಚಿತ್ರ, ಆಮೇಲೆ ಗ್ರಾಫ್ ಕಾಗದ, ಆಮೇಲೆ ತೂತು ಹೊಡೆದ ರಟ್ಟಿನ ಕಾರ್ಡು. ಎಳೆ ಮೇಲೇಳಬೇಕಾದ ಮನೆಗೆ ತೂತು, ಉಳಿದದ್ದಕ್ಕೆ ಇಲ್ಲ. ನಿಯಮ ಅಷ್ಟೇ.

ಸಾಫ್ಟ್‌ವೇರ್ ವಿನ್ಯಾಸದಲ್ಲೂ ಇದೇ ಕೆಲಸ ನಡೆಯುತ್ತದೆ. ಒಂದು ಬಗೆಯ ನಕ್ಷೆಯನ್ನು ನಿಯಮಗಳ ಮೂಲಕ ಇನ್ನೊಂದು ಬಗೆಗೆ ಬದಲಿಸುವುದಕ್ಕೆ 'ಮಾದರಿ ರೂಪಾಂತರ' ಎನ್ನಬಹುದು.

ಉದಾಹರಣೆಗೆ, ಸೀರೆ ಅಂಗಡಿಯೊಂದರ ಲೆಕ್ಕದ ಸಾಫ್ಟ್‌ವೇರ್. 1997ರಲ್ಲಿ ಮಾನಕವಾದ ಯು.ಎಂ.ಎಲ್. ಪದ್ಧತಿಯಲ್ಲಿ ಬರೆದ ನಕ್ಷೆಯಲ್ಲಿ ಗ್ರಾಹಕ, ಬಿಲ್ಲು, ಸೀರೆ ಎಂಬ ಮೂರು ವರ್ಗಗಳಿವೆ. ಇದನ್ನು ಡೇಟಾಬೇಸ್ ಕೋಷ್ಟಕಗಳ ನಕ್ಷೆಯಾಗಿ ಬದಲಿಸಬೇಕು. ನಿಯಮಗಳು ಹೀಗಿರುತ್ತವೆ:

1. ಪ್ರತಿ ವರ್ಗಕ್ಕೆ ಒಂದು ಕೋಷ್ಟಕ.
2. ವರ್ಗದ ಪ್ರತಿ ಗುಣಕ್ಕೆ ಒಂದು ಕಾಲಂ.
3. ಒಬ್ಬ ಗ್ರಾಹಕನಿಗೆ ಹಲವು ಬಿಲ್ಲುಗಳಿದ್ದರೆ, ಬಿಲ್ಲಿನ ಕೋಷ್ಟಕದಲ್ಲಿ ಗ್ರಾಹಕನ ಸಂಖ್ಯೆ.
4. ಒಂದು ಬಿಲ್ಲಿನಲ್ಲಿ ಹಲವು ಬಗೆಯ ಸೀರೆ, ಒಂದೇ ಬಗೆ ಹಲವು ಬಿಲ್ಲಿನಲ್ಲಿ ಬಂದರೆ, ನಡುವೆ ಇನ್ನೊಂದು ಕೋಷ್ಟಕ.

ಅಸಲಿ ನಿಯಮದಲ್ಲಿ 'ಗ್ರಾಹಕ', 'ಬಿಲ್ಲು' ಎಂಬ ಹೆಸರುಗಳೇ ಇರುವುದಿಲ್ಲ. 'ಯಾವುದೇ ವರ್ಗ', 'ಯಾವುದೇ ಸಂಬಂಧ' ಅಂತ ಇರುತ್ತದೆ. ಹಾಗಾಗಿ ಸೀರೆ ಅಂಗಡಿಗೆ ಬರೆದ ನಿಯಮ ಆಸ್ಪತ್ರೆಗೂ, ಸಹಕಾರಿ ಸಂಘಕ್ಕೂ ಆಗುತ್ತದೆ. ಇಂಥ ನಿಯಮ ಬರೆಯಲೆಂದೇ ಎ.ಟಿ.ಎಲ್., ಕ್ಯು.ವಿ.ಟಿ. ಮುಂತಾದ ಭಾಷೆಗಳಿವೆ. ಕ್ಯು.ವಿ.ಟಿ.ಯ ಮೊದಲ ಆವೃತ್ತಿ 2008ರಲ್ಲಿ ಮಾನಕವಾಯಿತು.

ಲಾಭ ಇರುವಲ್ಲೇ ಅಪಾಯವೂ ಇದೆ. ಕಾರ್ಡಿನಲ್ಲಿ ಒಂದು ತೂತು ತಪ್ಪಿದರೆ ಆ ಕಾರ್ಡು ಬಂದಾಗಲೆಲ್ಲ ಅದೇ ತಪ್ಪು ಬಟ್ಟೆಯಲ್ಲಿ ಮೂಡುತ್ತದೆ. ನಾಲ್ಕನೇ ನಿಯಮ ಬಿಟ್ಟುಹೋಗಿ, ಬಿಲ್ಲಿನಲ್ಲಿ ಒಂದೇ ಸೀರೆಗೆ ಜಾಗ ಉಳಿದರೆ, ಮೂರು ಸೀರೆ ಮಾರಿದ ದಿನ ದಾಸ್ತಾನಿನಿಂದ ಇಳಿಯುವುದು ಒಂದೇ. ಯಂತ್ರ ಅದನ್ನು ತಪ್ಪು ಅನ್ನುವುದಿಲ್ಲ. ಹೇಳಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿರುತ್ತದೆ.

ಹಿಂದಕ್ಕೆ ಬರುವ ದಾರಿಯೂ ಸಲೀಸಲ್ಲ. 'ರಿಯಾಯಿತಿ ಲೆಕ್ಕಹಾಕು' ಎಂಬಂಥ ಕೆಲಸಗಳಿಗೆ ಮೇಲಿನ ನಿಯಮಗಳಲ್ಲಿ ಜಾಗವಿಲ್ಲ. ಕೋಷ್ಟಕದಿಂದ ಅವನ್ನು ಮರಳಿ ಪಡೆಯಲಾಗದು. ಆದ್ದರಿಂದ ಯಾವ ಕಾಲಂ ಯಾವ ಗುಣದಿಂದ ಬಂತು ಎಂಬ ಜಾಡನ್ನು ಉಳಿಸಿಕೊಳ್ಳಬೇಕು, ಮೂಲ ನಕ್ಷೆಯನ್ನು ಬಿಸಾಡಬಾರದು. ದೊಡ್ಡ ನಕ್ಷೆಗೆ ಕೈಹಾಕುವ ಮೊದಲು ನಾಲ್ಕೈದು ವರ್ಗಗಳ ಸಣ್ಣ ನಕ್ಷೆಯಲ್ಲಿ ನಿಯಮಗಳನ್ನು ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.