ಪರಿಮಳವನ್ನು ಹೊತ್ತ ಎಣ್ಣೆ

ಕನ್ನಡದ ‘ಎಣ್ಣೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಒಳಗೆ ಎಳ್ಳು ಸಿಗುತ್ತದೆ. ಎಳ್ಳಿನ ‘ನೆಯ್’, ಅಂದರೆ ಎಳ್ಳಿನ ಜಿಡ್ಡು, ಎಣ್ಣೆಯಾಯಿತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಬಂದುದು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳಿರಲಿ, ನೆಲದಾಳದಿಂದ ಬಂದ ಸೀಮೆಎಣ್ಣೆಗೂ ಎಳ್ಳಿನ ಹೆಸರೇ ಅಂಟಿಕೊಂಡಿದೆ. ಮೈಗೆ ತಿಕ್ಕುವ ಎಣ್ಣೆ ಯಾವುದಿರಬೇಕು ಎಂಬ ಪ್ರಶ್ನೆಯ ಇತಿಹಾಸವೂ ಈ ಎಳ್ಳಿನಿಂದಲೇ ಆರಂಭವಾಗುತ್ತದೆ.

ಇಂದು ಅರೋಮಾಥೆರಪಿ ಎಂದು ಕರೆಯುವ ಸುಗಂಧ ಚಿಕಿತ್ಸೆಯಲ್ಲಿ ಎರಡು ಬಗೆಯ ಎಣ್ಣೆಗಳುಂಟು. ಹೂ, ಎಲೆ, ತೊಗಟೆಗಳಿಂದ ಬಟ್ಟಿ ಇಳಿಸಿದ ಸುಗಂಧ ತೈಲ ಒಂದು. ಅದು ಗಾಳಿಗೆ ಬೇಗ ಆರಿಹೋಗುತ್ತದೆ, ನೇರವಾಗಿ ಹಚ್ಚಿದರೆ ಚರ್ಮ ಉರಿಯಬಹುದು. ಆದ್ದರಿಂದ ಅದನ್ನು ಬೀಜಗಳಿಂದ ಹಿಂಡಿದ ಜಿಡ್ಡೆಣ್ಣೆಯಲ್ಲಿ ಬೆರೆಸುತ್ತಾರೆ. ಇದೇ ವಾಹಕ ಎಣ್ಣೆ. ಅರೋಮಾಥೆರಪಿ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೊರಿಸ್ ಗಾಟ್‌ಫಾಸೆ. ಅದೇ ಹೆಸರಿನ ಅವರ ಗ್ರಂಥ 1937ರಲ್ಲಿ ಹೊರಬಂತು. ಸುಗಂಧ ತೈಲವನ್ನು ಸಸ್ಯಜನ್ಯ ಎಣ್ಣೆಯಲ್ಲಿ ತೆಳುಗೊಳಿಸಿ ಮೈಗೆ ತಿಕ್ಕುವ ಪದ್ಧತಿಯನ್ನು ಬೆಳೆಸಿದವರು ಆಸ್ಟ್ರಿಯಾ ಮೂಲದ ಮಾರ್ಗರೀತ್ ಮೋರಿ (1895–1968).

ಯುರೋಪಿನಲ್ಲಿ ಹೀಗೆ ಎರಡು ಎಣ್ಣೆಗಳು ಬಾಟಲಿಯಲ್ಲಿ ಕೂಡಿದವು. ಭಾರತದ ಹಳೆಯ ಪದ್ಧತಿಯಲ್ಲಿ ಎಣ್ಣೆಯೇ ಪರಿಮಳವನ್ನು ಹೀರಿಕೊಳ್ಳುತ್ತಿತ್ತು. ಸಿಪ್ಪೆ ತೆಗೆದ ಎಳ್ಳಿನ ಒಂದು ಪದರ, ಮಲ್ಲಿಗೆಯ ಒಂದು ಪದರ ಹರಡಿ, ಬಾಡಿದ ಹೂ ತೆಗೆದು ಹೊಸ ಹೂ ಹಾಕುತ್ತ ಹೋಗುವುದು. ಎಳ್ಳಿಗೆ ವಾಸನೆ ಹತ್ತಿದ ಮೇಲೆ ಗಾಣಕ್ಕೆ ಹಾಕುವುದು. ಉತ್ತರ ಭಾರತದ ‘ಫುಲೇಲ್’ ತಯಾರಾಗುತ್ತಿದ್ದುದು ಹೀಗೆ. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಗಂಧದ್ರವ್ಯಗಳಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಬೇರು ತೊಗಟೆಗಳ ಪುಡಿಯನ್ನು ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟು ಸಂಪಿಗೆಯ ಪರಿಮಳ ಬರಿಸುವ ವಿಧಾನವೂ ಅಲ್ಲಿದೆ.

ಕನ್ನಡ ನಾಡಿನ ಸಾಕ್ಷ್ಯ ಕಲ್ಯಾಣದಿಂದ ಸಿಗುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನವೂ ಒಂದು ಭೋಗ. ಹೂವಿನ ವಾಸನೆ ಕಟ್ಟಿದ ಎಳ್ಳೆಣ್ಣೆಯ ಅಭ್ಯಂಜನ ಅದರ ಭಾಗ. ಅರಮನೆಯ ಹೊರಗೆ ಎಣ್ಣೆ ಗಾಣಿಗರ ದುಡಿಮೆ. ದೇವಾಲಯದ ನಂದಾದೀಪಕ್ಕೆ ಗಾಣಕ್ಕಿಷ್ಟು ಎಣ್ಣೆ ಎಂದು ದತ್ತಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಹೇರಳ. ಬಸವಣ್ಣನವರ ಕಾಲದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬವನಿದ್ದಾನೆ. ಅವನ ಹೆಸರೇ ಕಸುಬನ್ನು ಹೇಳುತ್ತದೆ.

ಎಳ್ಳಿಗೇ ಈ ಮನ್ನಣೆ ಏಕೆ? ಚರಕಸಂಹಿತೆ ಎಣ್ಣೆಗಳಲ್ಲಿ ಎಳ್ಳೆಣ್ಣೆಗೆ ಅಗ್ರಸ್ಥಾನ ಕೊಟ್ಟಿದೆ. ಅದರಲ್ಲಿರುವ ಸೆಸಮಾಲ್‌ನಂಥ ಅಂಶಗಳು ಎಣ್ಣೆ ಬೇಗ ಕಮಟಾಗದಂತೆ ತಡೆಯುತ್ತವೆ ಎಂದು ರಸಾಯನಶಾಸ್ತ್ರ ತಿಳಿಸುತ್ತದೆ. ಆದರೆ ಎಲ್ಲೆಡೆಯೂ ಎಳ್ಳೇ ಗೆಲ್ಲಲಿಲ್ಲ. ಕರಾವಳಿಯಲ್ಲಿ ತೆಂಗು, ಬಂಗಾಳ ಬಿಹಾರಗಳಲ್ಲಿ ಸಾಸಿವೆ, ಬಯಲುಸೀಮೆಯ ಬಾಣಂತಿಯ ನೆತ್ತಿಗೆ ಹರಳೆಣ್ಣೆ. ಊರಿನ ಹೊಲದಲ್ಲಿ ಬೆಳೆದುದು, ಊರಿನ ಹವೆಗೆ ಒಗ್ಗಿದುದು ಮೈಗೂ ಬಂತು. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ ಸೆಕೆಯ ಕರಾವಳಿಗೆ ಒಗ್ಗಿದಷ್ಟು ಉತ್ತರದ ಚಳಿಗೆ ಒಗ್ಗದು.

ಈ ಲೆಕ್ಕಾಚಾರವನ್ನು ಕೆಡಿಸಿದ್ದು ಪೆಟ್ರೋಲಿಯಂ. ಕಚ್ಚಾ ತೈಲದಿಂದ ಶುದ್ಧೀಕರಿಸಿದ ಖನಿಜ ಎಣ್ಣೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಮಟಾಗುವ ಭಯವಿಲ್ಲ, ಬೆಲೆಯೂ ಅಗ್ಗ. ತಲೆಗೆ ಹಚ್ಚುವ ಎಷ್ಟೋ ಎಣ್ಣೆಗಳಿಗೆ ಅದೇ ಮೂಲದ್ರವ್ಯವಾಯಿತು. ಹೂವಿನ ಹಬೆಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಿದ್ದ ಕನೌಜಿನ ಅತ್ತರು ಉದ್ಯಮದಲ್ಲೂ, ಗಂಧದ ಬೆಲೆ ಏರಿದಂತೆ ಲಿಕ್ವಿಡ್ ಪ್ಯಾರಾಫಿನ್ ಒಳನುಸುಳಿತು. ಹೊತ್ತೊಯ್ಯುವ ಎಣ್ಣೆ ಯಾವುದಾದರೇನು ಎಂಬ ಭಾವನೆ ಬಲವಾಯಿತು.

ಯಾವುದಾದರೂ ಆದೀತು ಎನ್ನುವಂತಿಲ್ಲ ಎಂಬುದನ್ನು ತೋರಿಸಿದ್ದು ಹಸುಳೆಗಳ ಚರ್ಮ. ಢಾಕಾದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು. ಸೂರ್ಯಕಾಂತಿಯಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲ ಚರ್ಮದ ಹೊರಪದರವನ್ನು ಬಲಪಡಿಸುತ್ತದೆ. ಅದಕ್ಕೂ ಮುಂಚೆ, 2002ರಲ್ಲಿ, ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆಗಳು ಗಾಸಿಗೊಂಡ ಚರ್ಮದ ಚೇತರಿಕೆಯನ್ನು ತಡಮಾಡಿದ್ದವು. ತಲೆತಲಾಂತರದಿಂದ ಕೂಸಿಗೆ ಸಾಸಿವೆ ಎಣ್ಣೆ ತಿಕ್ಕಿದ ಅಜ್ಜಿಯರ ಪ್ರೀತಿ ಸುಳ್ಳಲ್ಲ. ಆದರೆ ಹಳೆಯದೆಂಬ ಕಾರಣಕ್ಕೇ ಎಲ್ಲವೂ ಸರಿಯೆನ್ನುವಂತಿಲ್ಲ, ಬಾಟಲಿ ಹೊಸದೆಂಬ ಕಾರಣಕ್ಕೂ ಅಲ್ಲ.

ಮನೆಯಲ್ಲಿ ಬಳಸುವವರಿಗೆ ನಿಯಮಗಳು ಸರಳ. ವಯಸ್ಕರ ಮೈಗೆ ಸುಗಂಧ ತೈಲ ಶೇ 2ರಷ್ಟು ಸಾಕು. ಅಂದರೆ 30 ಮಿಲಿ ಲೀಟರ್ ಎಣ್ಣೆಗೆ ಸುಮಾರು 12 ಹನಿ. ಎಳೆಯ ಕೂಸಿಗೆ ಸುಗಂಧ ತೈಲ ಬೇಡವೇ ಬೇಡ. ಎಳ್ಳು, ಬಾದಾಮಿ ಒಗ್ಗದವರೂ ಇದ್ದಾರೆ. ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡುವುದು ಲೇಸು. ಎಣ್ಣೆಯನ್ನು ಬಿಸಿಲು ತಾಗದ ಕಡೆ ಇಟ್ಟು, ಕಮಟು ವಾಸನೆ ಬಂದರೆ ಚೆಲ್ಲಿಬಿಡಬೇಕು.

ನರಕ ಚತುರ್ದಶಿಯ ನಸುಕಿನಲ್ಲಿ ನೆತ್ತಿಗೆ ಎಣ್ಣೆಯಿಟ್ಟುಕೊಳ್ಳುವಾಗ ಅದು ಯಾವ ಬೀಜದ್ದು ಎಂದು ಕೇಳುವವರು ವಿರಳ. ಗಾಣ ಊರಲ್ಲೇ ಇದ್ದ ಕಾಲದಲ್ಲಿ ಕೇಳುವ ಅಗತ್ಯವೂ ಇರಲಿಲ್ಲ. ಈಗ ಬಾಟಲಿಯ ಚೀಟಿಯನ್ನಾದರೂ ಓದಬೇಕಾಗಿದೆ.