ಮಲಪ್ರಭಾ ಸೀಮೆಯ ಉನ್ನತ ಶಿಕ್ಷಣ: ದೂರ, ವೆಚ್ಚ ಮತ್ತು ದತ್ತಿ

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪನೆಯಾದಾಗ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲೂಕಿನಲ್ಲಿದ್ದವು. ಸವದತ್ತಿಯು ಪರಸಗಡ ತಾಲೂಕಿನ ಕೇಂದ್ರವಾಗಿತ್ತು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿತ್ತು. ಆಡಳಿತದಲ್ಲಿ ಭಿನ್ನವಾಗಿದ್ದರೂ ಒಂದು ಕೊರತೆ ಇವೆಲ್ಲಕ್ಕೂ ಸಮಾನವಾಗಿತ್ತು. ಪದವಿ ಬಯಸಿದ ಇಲ್ಲಿನ ವಿದ್ಯಾರ್ಥಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿಗೋ ಪುಣೆಯ ಡೆಕ್ಕನ್ ಕಾಲೇಜಿಗೋ, 1885ರ ತರುವಾಯ ಅಲ್ಲಿಯ ಫರ್ಗ್ಯುಸನ್ ಕಾಲೇಜಿಗೋ ಹೋಗಬೇಕಾಗಿತ್ತು.

ಈ ಅಡೆತಡೆಯನ್ನು ಕೇವಲ ಶುಲ್ಕದ ಪ್ರಶ್ನೆಯೆಂದು ಗ್ರಹಿಸುವುದು ಸರಿಯಾಗದು. ಪರವೂರಿನಲ್ಲಿ ವರ್ಷಗಟ್ಟಲೆ ನೆಲೆಸುವ ಊಟ-ವಸತಿಯ ವೆಚ್ಚವೂ ಅದರೊಡನೆ ಸೇರಿಕೊಂಡಿತ್ತು. ಜೋಳ, ಹತ್ತಿ ಬೆಳೆಯುವ ಮಳೆಯಾಶ್ರಿತ ಒಕ್ಕಲುತನದಲ್ಲಿ ಹಣ ಕೈಗೆ ಬರುವುದು ಸುಗ್ಗಿಯಲ್ಲಿ. ನಗರದ ವೆಚ್ಚವಾದರೋ ತಿಂಗಳು ತಿಂಗಳೂ ಬರುವಂಥದು. ಮಳೆ ಕೈಕೊಟ್ಟ ವರ್ಷ ಓದು ನಿಲ್ಲುವ ಭಯವಿತ್ತು. ವತನದಾರರು, ವರ್ತಕರು ಮತ್ತು ಸರಕಾರಿ ನೌಕರರ ಮನೆತನಗಳಿಗೆ ಸುಲಭವಾಗಿದ್ದ ದಾರಿ ಸಾಮಾನ್ಯ ರೈತಾಪಿ ಕುಟುಂಬಕ್ಕೆ ದುರ್ಗಮವಾಗಿತ್ತು.

ಇದಕ್ಕೆ ಈ ನಾಡು ಎರಡು ಬಗೆಯ ಪರಿಹಾರಗಳನ್ನು ಕಂಡುಕೊಂಡಿತು. ಮೊದಲನೆಯದು ವಿದ್ಯಾರ್ಥಿಯ ವೆಚ್ಚವನ್ನು ಸಮುದಾಯವೇ ಹೊರುವುದು. ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರ ಮುಂದಾಳ್ತನದಲ್ಲಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಈ ವಿಚಾರಕ್ಕೆ ಬೃಹತ್ ಆಕಾರ ನೀಡಿದವರು ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು. ಶಿಗ್ಲಿಯಲ್ಲಿ 1861ರಲ್ಲಿ ಜನಿಸಿ ದತ್ತಕವಾಗಿ ಶಿರಸಂಗಿಗೆ ಬಂದ ಅವರು, 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದರು. ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿರಿಸಿ ಮರಣಶಾಸನ ಬರೆದು, 1906ರಲ್ಲಿ ನಿಧನರಾದರು. ನವಲಗುಂದ-ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನಗಳಿಗೆ ಮೂಲ ಇದೇ. ರೈತರ ದುಡಿಮೆಯಿಂದ ದೇಸಗತಿಗೆ ಸಂದ ಹುಟ್ಟುವಳಿಯ ಒಂದಂಶ ಹೀಗೆ ರೈತರ ಮಕ್ಕಳ ಓದಿಗೆ ಮರಳಿತು ಎಂಬುದು ಈ ದತ್ತಿಯ ಚಾರಿತ್ರಿಕ ಮಹತ್ವ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳ ಪ್ರಸಾದನಿಲಯಗಳು ಊಟ-ವಸತಿಯ ಹೊರೆಯನ್ನು ನೇರವಾಗಿಯೇ ಇಳಿಸಿದವು.

ಎರಡನೆಯ ಪರಿಹಾರ ಕಾಲೇಜನ್ನೇ ಸಮೀಪಕ್ಕೆ ತರುವುದು. ರೊದ್ದ ಶ್ರೀನಿವಾಸರಾಯರು ಹಾಗೂ ಅರಟಾಳ ರುದ್ರಗೌಡರು ಸಾರ್ವಜನಿಕರಿಂದ ನಿಧಿ ಕೂಡಿಸಿದುದರ ಫಲವಾಗಿ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಬೆಳಗಾವಿಯಲ್ಲಿ 1916ರಲ್ಲಿ ಶಾಲೆಯೊಂದರಿಂದ ಮೊದಲಾದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ಕಾಲೇಜನ್ನು ತೆರೆದು ಅದಕ್ಕೆ ಲಿಂಗರಾಜರ ಹೆಸರನ್ನಿರಿಸಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪಿತವಾಯಿತು. ಕಿತ್ತೂರಿನಲ್ಲಿ ಬಾಲಕಿಯರ ವಸತಿ ಸೈನಿಕ ಶಾಲೆ 1969ರಲ್ಲಿ ಆರಂಭವಾಯಿತು. 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯ ರಾಣಿ ಚನ್ನಮ್ಮನ ಹೆಸರನ್ನು ಪಡೆಯಿತು.

ಈ ಸಾಧನೆಗೆ ಮಿತಿಗಳೂ ಇದ್ದವು. ಜಾತಿಯ ಚೌಕಟ್ಟಿನಲ್ಲಿ ರೂಪುಗೊಂಡ ದತ್ತಿಗಳು ಆ ಚೌಕಟ್ಟಿನ ಹೊರಗಿನವರನ್ನು ತಲುಪುವಂತಿರಲಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಸರಕಾರಿ ವಿದ್ಯಾರ್ಥಿವೇತನ ಆರಂಭವಾದುದು 1944ರಲ್ಲಿ. ಲಿಂಗರಾಜರು ತೀರಿಕೊಂಡು ಆಗಲೇ ಮೂವತ್ತೆಂಟು ವರ್ಷಗಳು ಸಂದಿದ್ದವು. ಈ ಅಂತರವನ್ನು ಗಣಿಸದೆ ಪ್ರದೇಶದ ಶೈಕ್ಷಣಿಕ ಚರಿತ್ರೆಯನ್ನು ಬರೆಯಲಾಗದು.

ಧಾರವಾಡದಲ್ಲಿ 2016ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆ (ಐಐಟಿ) ಆರಂಭವಾದಾಗ ದೇಶದ ಅಗ್ರಶ್ರೇಣಿಯ ಶಿಕ್ಷಣ ಕಿತ್ತೂರಿನ ಹೆದ್ದಾರಿಗೇ ಬಂದಂತಾಯಿತು. ಅದೇ ವರ್ಷ ಐಐಟಿಗಳ ಪದವಿ ತರಗತಿಯ ವಾರ್ಷಿಕ ಬೋಧನಾ ಶುಲ್ಕ 90,000 ರೂಪಾಯಿಗಳಿಂದ 2 ಲಕ್ಷಕ್ಕೆ ಏರಿತು. ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಮತ್ತು ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದ ಕುಟುಂಬದವರಿಗೆ ಪೂರ್ಣ ವಿನಾಯಿತಿಯೂ ದೊರೆಯಿತು. ಆದರೆ ಈ ವಿನಾಯಿತಿ ಪ್ರವೇಶ ಪಡೆದವರಿಗಷ್ಟೇ ಅನ್ವಯಿಸುತ್ತದೆ. ಪ್ರವೇಶ ಪರೀಕ್ಷೆಯ ತರಬೇತಿಗೆ ತಗಲುವ ಹಣ ಮತ್ತು ಅದಕ್ಕಾಗಿ ನಗರದಲ್ಲಿ ಇರಬೇಕಾದ ವೆಚ್ಚ ಅದರ ವ್ಯಾಪ್ತಿಯಲ್ಲಿಲ್ಲ. ಹಿಂದೆ ಕಾಲೇಜಿನ ವರ್ಷಗಳಲ್ಲಿ ಎದುರಾಗುತ್ತಿದ್ದ ಹೊರೆ ಕಾಲೇಜಿನ ಹೊಸ್ತಿಲಿನ ಆಚೆಗೆ ಸರಿದಿದೆ. ಶುಲ್ಕವನ್ನಷ್ಟೇ ಅಲ್ಲ, ಓದುವ ಮಕ್ಕಳ ಅನ್ನ-ಆಶ್ರಯವನ್ನೂ ಶಿಕ್ಷಣದ ಅಂಗವೆಂದು ಎಣಿಸಿದ ದತ್ತಿ-ಪ್ರಸಾದನಿಲಯಗಳ ಪರಂಪರೆ ಈ ಕಾರಣದಿಂದಲೇ ಇಂದಿಗೂ ಪ್ರಸ್ತುತವಾಗಿದೆ.