ಗುಜರಿಗೆ ಹಾಕುವ ಮುನ್ನ: ಹಳೆಯ ಕಂಪ್ಯೂಟರುಗಳ ಹರಾಜಿನ ಚರಿತ್ರೆ



ಬಳ್ಳಾರಿಯ ಎಪಿಎಂಸಿ ಯಾರ್ಡಿನಲ್ಲಿ ಹತ್ತಿ, ಶೇಂಗಾ ಹರಾಜಾಗುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿ ತಾಜಾ ಮಾಲಿಗೆ ಬೆಲೆ; ಹಳತಾದರೆ ಬೆಲೆ ಇಳಿಯುತ್ತದೆ. ‘ಹರಾಜು’, ‘ಸವಾಲು’ ಎಂಬ ಎರಡೂ ಪದಗಳು ಅರಬ್ಬೀ ಮೂಲದವು. ಕನ್ನಡಕ್ಕೆ ಬಂದು ನಮ್ಮವೇ ಆಗಿಬಿಟ್ಟಿವೆ. ‘ಗುಜರಿ’ಯೂ ಹಾಗೆಯೇ. ಉರ್ದುವಿನಲ್ಲಿ ‘ಗುಜ್ರೀ’ ಎಂದರೆ ಇಳಿಹೊತ್ತಿನಲ್ಲಿ ರಸ್ತೆ ಬದಿ ಕೂಡುವ ಸಂತೆ. ಹಳೆಯ ಕಂಪ್ಯೂಟರಿನ ಹಣೆಬರಹ ಇಂದು ಗುಜರಿ ಮತ್ತು ಹರಾಜು ಎಂಬ ಈ ಎರಡು ಪದಗಳ ನಡುವೆ ತೂಗುತ್ತಿದೆ. ಗುಜರಿಗೆ ಹೋದರೆ ಕಿಲೋ ಲೆಕ್ಕ. ಹರಾಜಿಗೆ ಹೋದರೆ ಕೆಲವೊಮ್ಮೆ ಕೋಟಿಯ ಲೆಕ್ಕ. ಈ ಅಂತರಕ್ಕೆ ಕಾರಣವೇನು, ಅದರಲ್ಲಿ ನಮ್ಮ ಊರು, ನಮ್ಮ ಶಾಲೆಗಳಿಗೆ ಏನು ಪಾಠವಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಜಗತ್ತಿನ ಅತ್ಯಂತ ಪ್ರಸಿದ್ಧ ಉದಾಹರಣೆಯನ್ನು ನೋಡೋಣ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ಯುವಕ ಒಂದು ಕಂಪ್ಯೂಟರ್ ಬೋರ್ಡನ್ನು ರೂಪಿಸಿದ. ಗೆಳೆಯ ಸ್ಟೀವ್ ಜಾಬ್ಸ್ ಅದನ್ನು ಮಾರಲು ಹೊರಟ. ಅದೇ ಆ್ಯಪಲ್-1. ಅದಕ್ಕೆ ಪೆಟ್ಟಿಗೆ ಇರಲಿಲ್ಲ, ಕೀಲಿಮಣೆ ಇರಲಿಲ್ಲ, ಪರದೆಯೂ ಇರಲಿಲ್ಲ, ಕೊಂಡವರೇ ಜೋಡಿಸಿಕೊಳ್ಳಬೇಕಿತ್ತು. ಬೆಲೆ 666.66 ಡಾಲರ್. ತಯಾರಾದದ್ದು ಸುಮಾರು 200 ಮಾತ್ರ. ಮರುವರ್ಷ ಆ್ಯಪಲ್-2 ಬಂದ ಮೇಲೆ ಕಂಪನಿಯೇ ಹಳೆಯ ಬೋರ್ಡುಗಳನ್ನು ವಾಪಸು ಪಡೆದು ನಾಶ ಮಾಡಿತು. ಹೀಗೆ ಉಳಿದವು ಬೆರಳೆಣಿಕೆಯಷ್ಟು. ಅಂದು ಬೇಡವೆಂದು ಎಸೆದದ್ದೇ ಇಂದು ಅದರ ಅಪರೂಪಕ್ಕೆ ಕಾರಣ ಎಂಬುದು ಗಮನಾರ್ಹ.

2010ರ ನವೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಇಂಥ ಒಂದು ಆ್ಯಪಲ್-1 ಅನ್ನು ಹರಾಜಿಗಿಟ್ಟಿತು. ಸವಾಲು 1,10,000 ಪೌಂಡಿಗೆ ನಿಂತಿತು. ಇಂಥ ಹರಾಜಿನಲ್ಲಿ ಕೊಂಡವರು ಕೂಗಿದ ಮೊತ್ತದ ಮೇಲೆ ಹರಾಜು ಸಂಸ್ಥೆಗೂ ಕಮಿಷನ್ ಕೊಡಬೇಕು. ಅದೂ ಸೇರಿ 1,33,250 ಪೌಂಡ್ ಆಯಿತು. ಅಂದಿನ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೆ ತುಸು ಕಡಿಮೆ. ಅಷ್ಟು ಬೆಲೆ ಏಕೆ? ಆ ಯಂತ್ರದ ಜೊತೆ ಅದು ಬಂದ ಮೂಲ ರಟ್ಟಿನ ಪೆಟ್ಟಿಗೆ ಇತ್ತು, ಕೈಪಿಡಿ ಇತ್ತು, ಜಾಬ್ಸ್ ಸಹಿ ಮಾಡಿದ ಪತ್ರವೂ ಇತ್ತು.

ವಿದ್ಯಾರ್ಥಿಗಳೇ, ಇಲ್ಲೊಂದು ಮುಖ್ಯ ಸಂಗತಿ ಇದೆ. ಹಳೆಯ ಯಂತ್ರವನ್ನು ಕೊಳ್ಳುವವರು ಅದರ ವೇಗವನ್ನು ಕೇಳುವುದಿಲ್ಲ. ಎಷ್ಟು ಉಳಿದಿವೆ, ಬಿಡಿಭಾಗಗಳು ಮೂಲದವೋ ಬದಲಾಯಿಸಿದವೋ, ಈಗಲೂ ನಡೆಯುತ್ತದೆಯೋ, ಮೊದಲಿನಿಂದ ಯಾರ ಕೈಯಲ್ಲಿತ್ತು ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಾಗದಪತ್ರಗಳು ಮಾತ್ರ. ಆ್ಯಪಲ್-1ರ ತದ್ರೂಪು ಬೋರ್ಡುಗಳನ್ನು ಈಗ ಹವ್ಯಾಸಿಗಳು ತಯಾರಿಸುತ್ತಾರೆ. ಆದ್ದರಿಂದ ದಾಖಲೆ ಇಲ್ಲದ ಯಂತ್ರವನ್ನು ಕೊಳ್ಳುವವರು ಅನುಮಾನದಿಂದಲೇ ನೋಡುತ್ತಾರೆ. 2014ರಲ್ಲಿ ಬಾನಮ್ಸ್ ಹರಾಜಿನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಒಂದು ಆ್ಯಪಲ್-1ಕ್ಕೆ 9,05,000 ಡಾಲರ್ ಕೊಟ್ಟಿತು. 2024ರಲ್ಲಿ ಜಾಬ್ಸ್ ಅವರ ಕಚೇರಿಯಲ್ಲಿದ್ದ ಬೋರ್ಡು 9,45,000 ಡಾಲರಿಗೆ ಹೋಯಿತು. ಮಾಲು ಅದೇ, ಚರಿತ್ರೆ ಬೇರೆ, ಬೆಲೆ ಚರಿತ್ರೆಗೆ.

ಇನ್ನೊಂದು ಘಟನೆ ಕೇಳಿ. 2015ರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್ ಎಂಬಲ್ಲಿನ ಇ-ತ್ಯಾಜ್ಯ ಕೇಂದ್ರಕ್ಕೆ ಒಬ್ಬ ಮಹಿಳೆ, ಪತಿ ತೀರಿಕೊಂಡ ಮೇಲೆ ಗ್ಯಾರೇಜು ಖಾಲಿ ಮಾಡಿ, ಕೆಲವು ಪೆಟ್ಟಿಗೆಗಳನ್ನು ಕೊಟ್ಟು ಹೋದರು. ಹೆಸರು, ವಿಳಾಸ ಏನನ್ನೂ ಬಿಟ್ಟಿರಲಿಲ್ಲ. ಕೆಲವು ವಾರಗಳ ನಂತರ ಪೆಟ್ಟಿಗೆ ತೆರೆದರೆ ಒಳಗೆ ಆ್ಯಪಲ್-1! ಅದು 2 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಕೇಂದ್ರದವರು ಅರ್ಧ ಹಣ ಆಕೆಯದೆಂದು ಪತ್ರಿಕೆಗಳ ಮೂಲಕ ಆಕೆಯನ್ನು ಹುಡುಕಿದರು. ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಆದರೆ ಎಲ್ಲ ಗುಜರಿ ಅಂಗಡಿಗಳಲ್ಲೂ ಪೆಟ್ಟಿಗೆ ತೆರೆದು ನೋಡುವವರು ಇರುವುದಿಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ. ಭಾರತಕ್ಕೆ ಮೊದಲ ಕಂಪ್ಯೂಟರ್ ಬಂದದ್ದು 1950ರ ದಶಕದ ನಡುವೆ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತಾನೇ ಕಟ್ಟಿದ ಟಿಫ್ರ್ಯಾಕ್ ಯಂತ್ರ 1960ರಲ್ಲಿ ಪೂರ್ಣಪ್ರಮಾಣದಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಹೆಸರಿಟ್ಟವರು ಪಂಡಿತ ನೆಹರೂ. ಕೆಲವೇ ವರ್ಷಗಳಲ್ಲಿ ಅದೂ ನಿವೃತ್ತವಾಯಿತು. ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984-85ರ ‘ಕ್ಲಾಸ್’ ಯೋಜನೆಯಲ್ಲಿ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು, ಒಟ್ಟು ಸುಮಾರು 12,000, ದೇಶದ ಪ್ರೌಢಶಾಲೆಗಳಿಗೆ ರಾಜ್ಯ ಸರಕಾರಗಳ ಮೂಲಕ ಹಂಚಲಾಯಿತು. ಇಂದಿನ ಮೊಬೈಲಿನ ಮುಂದೆ ಅದರ ಸ್ಮರಣಶಕ್ತಿ ಏನೂ ಅಲ್ಲ; ಆದರೆ ಹಳ್ಳಿಗಾಡಿನ ಮಗು ಮೊದಲ ಸಲ ಕೀಲಿ ಒತ್ತಿದ್ದು ಅಂಥ ಯಂತ್ರದ ಮೇಲೆ.

ನಮ್ಮ ಕರ್ನಾಟಕದ ಕೊಡುಗೆಯೂ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಜನರ ಮುಂದಿಟ್ಟರು. ಬಡವರಿಗೂ ಎಟುಕಬೇಕು, ಅಕ್ಷರ ಬಾರದವರಿಗೂ ಉಪಯೋಗವಾಗಬೇಕು, ನಮ್ಮ ಭಾಷೆಗಳಲ್ಲಿ ನಡೆಯಬೇಕು ಎಂಬುದು ಅವರ ಕನಸು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ 9,950 ರೂಪಾಯಿಯಿಂದ ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಅಂದರೆ ಆ್ಯಪಲ್-1ರಂತೆ ಇದೂ ಅಪರೂಪದ ದಾರಿ ಹಿಡಿದಿದೆ. ಡಾಸ್ ಕಾಲದ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಸಿ-ಡ್ಯಾಕ್ ಸಂಸ್ಥೆ ಮಾರುತ್ತಿದ್ದ ಜಿಸ್ಟ್ ಕಾರ್ಡು ಕೂಡ ಹಾಗೆಯೇ. ಲಂಡನ್ನಿನವರಿಗೆ ಅದು ಬರೀ ಹಸಿರು ಹಲಗೆ. ನಮ್ಮ ಲಿಪಿಯ ಚರಿತ್ರೆ ಬರೆಯುವವರಿಗೆ ಅದೊಂದು ಶಾಸನ.

ಬಳ್ಳಾರಿ, ಸಿರುಗುಪ್ಪದ ರೈತರಿಗೆ ಕಂಪ್ಯೂಟರ್ ಪರಿಚಯವಾದದ್ದು ಪಹಣಿಯ ಮೂಲಕ ಎಂದರೆ ತಪ್ಪಾಗಲಾರದು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಲ್ಲೂ ಕೇಂದ್ರ ತೆರೆದು, 2002ರ ಹೊತ್ತಿಗೆ ಕೈಬರಹದ ಪಹಣಿಯ ಬದಲು 15 ರೂಪಾಯಿಗೆ ಮುದ್ರಿತ ಪಹಣಿ ಕೊಡಲಾಯಿತು. ಆಗ ಕುರುಗೋಡು ಇನ್ನೂ ಬಳ್ಳಾರಿ ತಾಲ್ಲೂಕಿಗೆ ಸೇರಿತ್ತು. ಆ ಮೊದಲ ಯಂತ್ರಗಳಲ್ಲಿ ಒಂದಾದರೂ, ಮೊದಲ ಪಹಣಿಯ ಪ್ರತಿಯೊಂದಿಗೆ, ನಮ್ಮ ಜಿಲ್ಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಬೇಡವೇ?

ಕಾನೂನು ಕಾಪಾಡುತ್ತದೆ ಎಂದು ಕೂರುವಂತಿಲ್ಲ. ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆ ಸಾಮಾನ್ಯವಾಗಿ 100 ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ. ಕಂಪ್ಯೂಟರಿಗೆ ಅಷ್ಟು ವಯಸ್ಸಾಗಿಲ್ಲ. ಫ್ರಾನ್ಸ್‌ನಲ್ಲಿ ಏನಾಯಿತು ನೋಡಿ. ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲಿ ಕಂಡುಹಿಡಿದ ಲೆಕ್ಕದ ಯಂತ್ರವೊಂದು 2025ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾಗಬೇಕಿತ್ತು. ಅದು ದೇಶ ಬಿಟ್ಟು ಹೋಗದಂತೆ ನ್ಯಾಯಾಲಯ ರಫ್ತು ಪರವಾನಗಿಯನ್ನು ತಡೆಹಿಡಿಯಿತು; ಹರಾಜೂ ನಿಂತಿತು. ತಮ್ಮದು ಎಂಬ ಅರಿವಿದ್ದವರು ಕೋರ್ಟಿಗೆ ಹೋದರು. ನಮ್ಮಲ್ಲಾದರೋ ‘ಹಿತ್ತಲ ಗಿಡ ಮದ್ದಲ್ಲ.’

ಹಾಗಾದರೆ ನಾವೇನು ಮಾಡಬಹುದು? ಎಲ್ಲ ಹಳೆ ಯಂತ್ರವೂ ಚಿನ್ನವಲ್ಲ ಎಂಬುದನ್ನು ಮೊದಲು ತಿಳಿಯಿರಿ. ಲಕ್ಷಗಟ್ಟಲೆ ತಯಾರಾದ ಮಾಮೂಲಿ ಪಿಸಿಗೆ ಯಾರೂ ಕೋಟಿ ಕೊಡುವುದಿಲ್ಲ. ಅಂಥವು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗೇ ಹೋಗಲಿ. ಅದರಲ್ಲಿನ ಸೀಸ ಮಣ್ಣಿಗೆ, ನೀರಿಗೆ ಸೇರಬಾರದು. ಆದರೆ ಪ್ರತಿ ಶಾಲೆಯೂ ತನ್ನ ಮೊದಲ ಕಂಪ್ಯೂಟರನ್ನು ಮಾತ್ರ ಉಳಿಸಿಕೊಳ್ಳಲಿ. ವಿಲೇವಾರಿ ಪಟ್ಟಿ ತಯಾರಿಸುವ ಮುನ್ನ ಸ್ಟಾಕ್ ರಿಜಿಸ್ಟರ್ ತೆರೆದು ಅದು ಯಾವ ವರ್ಷ, ಯಾವ ಯೋಜನೆಯಲ್ಲಿ ಬಂತೆಂದು ಬರೆದಿಡಿ. ಬಿಲ್ಲು, ಕೈಪಿಡಿ, ಫ್ಲಾಪಿಗಳನ್ನು ಒಂದೇ ಪೆಟ್ಟಿಗೆಯಲ್ಲಿಡಿ. ಬಹುಕಾಲ ನಿಂತ ಯಂತ್ರಕ್ಕೆ ಕುತೂಹಲದಿಂದ ಕರೆಂಟು ಕೊಡಬೇಡಿ. ಒಣಗಿದ ಕೆಪಾಸಿಟರುಗಳು ಸಿಡಿಯಬಹುದು. ಒಳಗಿನ ಹಳೆಯ ಬ್ಯಾಟರಿ ಸೋರಿ ಬೋರ್ಡನ್ನು ತಿನ್ನುತ್ತದೆ, ಬಲ್ಲವರಿಂದ ಅದನ್ನು ತೆಗೆಸಿ.

ಅದರ ಮೇಲೆ ಕಲಿತ ಹಳೆಯ ವಿದ್ಯಾರ್ಥಿಗಳ ಹೆಸರು, ಕಲಿಸಿದ ಮೇಷ್ಟ್ರ ನಾಲ್ಕು ಮಾತು ಒಂದು ಹಾಳೆಯಲ್ಲಿ ಸೇರಲಿ. ನಾಳೆ ಅದಕ್ಕೆ ಹರಾಜಿನಲ್ಲಿ ಬೆಲೆ ಬರಲಿ ಬಿಡಲಿ, ಈ ಊರಿನ ಮಕ್ಕಳು ಹೊಸ ವಿದ್ಯೆಯನ್ನು ಹೇಗೆ ಕೈಗೆತ್ತಿಕೊಂಡರು ಎಂಬುದಕ್ಕೆ ಒಂದು ಸಾಕ್ಷಿ ಉಳಿಯುತ್ತದೆ. ಈ ರಜೆಯಲ್ಲೇ ನಿಮ್ಮ ಶಾಲೆಯ ಸ್ಟೋರ್ ರೂಮಿನಿಂದ ಆರಂಭಿಸಿರಿ.